ಹುಳುಹಿಟ್ಟು, ಹುಳುಪುಡಿ, ಹುಳುವಿನ ಹಿಂಡಿ: ಯಾವುದು ಸರಿ?

ಗೆಳೆಯರೇ,

ಕೋಳಿ ಸಾಕಣೆಯ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳುಗಳನ್ನು ಒಣಗಿಸಿ, ಅರೆದು ಕೋಳಿ ಆಹಾರಕ್ಕೆ ಬೆರೆಸುವ ವಿಷಯ. ಅರೆದು ಬಂದದ್ದಕ್ಕೆ ಲೇಖನದ ತುಂಬ ‘ಹುಳುಹಿಟ್ಟು’ ಎಂದಿದೆ. ನನಗೆ ಅದು ಒಪ್ಪುತ್ತಿಲ್ಲ. ಕೇಳಿದ ಕೂಡಲೇ ಹುಳು ಬಿದ್ದ ಹಿಟ್ಟು ಅನ್ನಿಸುತ್ತದೆ, ಅಲ್ವಾ? ‘ಹುಳುಪುಡಿ’ ಎನ್ನೋಣವೆಂದರೆ ಅದಕ್ಕೂ ತೊಡಕಿದೆ. ಇರುವೆ ಪುಡಿ ಎಂದರೆ ಇರುವೆ ಕೊಲ್ಲುವ ಪುಡಿ ತಾನೇ? ಮೀನಿನ ಪುಡಿ ಎನ್ನುವ ಹಾಗೆ ‘ಹುಳುವಿನ ಪುಡಿ’ ಎಂದರೆ ಈ ಗೊಂದಲ ಇರುವುದಿಲ್ಲ.

ಆದರೆ ನನ್ನ ನಿಜವಾದ ತಕರಾರು ಬೇರೆ. ಲೇಖನದ ಒಂದು ಕಡೆ ‘ಹುಳುಹಿಟ್ಟು ತಿಂದ ಕೋಳಿಯ ಮಾಂಸದ ಕೊಬ್ಬು ಬದಲಾಗುತ್ತದೆ’ ಎಂದಿದೆ. ಮುಂದಿನ ಪುಟದಲ್ಲಿ ‘ಅಷ್ಟೇನೂ ಬದಲಾಗುವುದಿಲ್ಲ’ ಎಂದಿದೆ. ಓದುವವರಿಗೆ ಯಾವುದನ್ನು ನಂಬುವುದು ತಿಳಿಯುವುದಿಲ್ಲ. ಅಸಲಿಗೆ ಎರಡೂ ಸರಿ. ಮಾತು ಎರಡು ಬೇರೆ ಪದಾರ್ಥಗಳದ್ದು, ಹೆಸರು ಮಾತ್ರ ಒಂದೇ.

ಹುಳುವನ್ನು ಇಡಿಯಾಗಿ ಒಣಗಿಸಿ ಅರೆದರೆ ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬೇ ಇರಬಹುದು. ಹುಳು ಏನು ತಿಂದು ಬೆಳೆಯಿತು ಅನ್ನುವುದರ ಮೇಲೆ ಇದು ಹೆಚ್ಚು ಕಡಿಮೆ ಆಗುತ್ತದೆ. ಆ ಕೊಬ್ಬಿನಲ್ಲಿ ತೆಂಗಿನೆಣ್ಣೆಯಲ್ಲಿರುವ ಲಾರಿಕ್ ಆಮ್ಲ ಎಂಬ ಸ್ಯಾಚುರೇಟೆಡ್ ಕೊಬ್ಬೇ ಜಾಸ್ತಿ. ಕೋಳಿ ಎಂಥ ಕೊಬ್ಬು ತಿನ್ನುತ್ತದೋ ಅದರ ಗುರುತು ಮಾಂಸದಲ್ಲೂ ಕಾಣುತ್ತದೆ. ಹಾಗಾಗಿ ಇಂಥ ಪುಡಿ ಹೆಚ್ಚು ಬೆರೆಸಿದಾಗ ಎದೆ ಮಾಂಸದಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಏರುತ್ತದೆ, ಒಮೆಗಾ 3ರಂಥ ಕೊಬ್ಬಿನ ಪಾಲು ಇಳಿಯುತ್ತದೆ. ಕೊಬ್ಬನ್ನು ಹಿಂಡಿ ತೆಗೆದರೆ ಉಳಿದದ್ದರಲ್ಲಿ ಪ್ರೋಟೀನ್ ಶೇ. 50 ದಾಟುತ್ತದೆ, ಮಾಂಸದ ಮೇಲಿನ ಈ ಪರಿಣಾಮ ತುಂಬ ತಗ್ಗುತ್ತದೆ. ರುಚಿಯ ವಿಷಯಕ್ಕೆ ಬಂದರೆ, ಸ್ವಲ್ಪ ಬೆರೆಸಿದಾಗ ತಿಂದು ನೋಡಿದವರಿಗೆ ಸಾಮಾನ್ಯವಾಗಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಆದ್ದರಿಂದ ಕೊಬ್ಬು ಇರುವುದಕ್ಕೆ ‘ಹುಳುವಿನ ಪುಡಿ’, ಕೊಬ್ಬು ತೆಗೆದದ್ದಕ್ಕೆ ‘ಹುಳುವಿನ ಹಿಂಡಿ’ ಎಂದು ಬೇರೆ ಮಾಡಬಹುದೇ? ಹಿಂಡಿ ಎಂದರೆ ಕಾಳು, ಬೀಜದ್ದು ಮಾತ್ರ ಎಂದು ಕೆಲವರು ಹೇಳಬಹುದು. ಆದರೆ ಸೋಯಾದ ಎಣ್ಣೆಯನ್ನು ಈಗ ಹೆಚ್ಚಾಗಿ ದ್ರಾವಕ ಹಾಕಿ ತೆಗೆಯುತ್ತಾರೆ, ಹಿಂಡುವುದೇ ಇಲ್ಲ. ಆದರೂ ಅದು ಸೋಯಾ ಹಿಂಡಿಯೇ. ಪದ ಅಷ್ಟು ಹಿಗ್ಗಿದೆ ಎಂದ ಮೇಲೆ ಕೀಟಕ್ಕೂ ಒಗ್ಗುತ್ತದೆ ಎಂದು ನನ್ನ ಅನಿಸಿಕೆ.

‘ಲಾರ್ವಾ’ಗೆ ಮರಿಹುಳು ಸಾಕು. ಡಿಂಭ ಪಠ್ಯಪುಸ್ತಕದ ಆಚೆ ಬರಲೇ ಇಲ್ಲ. ಗೊಣ್ಣೆಹುಳು ಎಂದರೆ ಮಣ್ಣಿನಲ್ಲಿ ಬೇರು ತಿನ್ನುವ ದುಂಬಿಯ ಮರಿ. ಬರೀ ಹುಳು ಎಂದರೆ ಎರೆಹುಳು ನೆನಪಾಗಬಹುದು, ಅದು ಕೀಟವೇ ಅಲ್ಲ. ಅದಕ್ಕೇ ಮೊದಲ ಸಲವಾದರೂ ‘ನೊಣದ ಮರಿಹುಳು’ ಎಂದು ಬಿಡಿಸಿ ಬರೆಯಬೇಕು.

2021ರಲ್ಲಿ ಐರೋಪ್ಯ ಒಕ್ಕೂಟ ಕೋಳಿ, ಹಂದಿ ಆಹಾರದಲ್ಲಿ ಕೀಟ ಪ್ರೋಟೀನಿಗೆ ಒಪ್ಪಿಗೆ ಕೊಟ್ಟಿತು. ಈ ಪದಗಳು ಇನ್ನು ಮೇಲೆ ಪದೇ ಪದೇ ಬೇಕಾಗುತ್ತವೆ. ಕೋಳಿ ಆಹಾರ ಬೆರೆಸುವ ಕೆಲಸದಲ್ಲಿ ಇರುವವರು ಯಾರಾದರೂ ಇದ್ದರೆ, ನೀವು ಇವೆರಡಕ್ಕೂ ಬೇರೆ ಬೇರೆ ಹೆಸರು ಬಳಸುತ್ತೀರಾ? ಬಳಸಿದರೆ ಯಾವುದು?