ಮಂಡ್ಯದ ದಿನಸಿ ಅಂಗಡಿಗೆ ಕಾಂಪೊಸಿಷನ್ನಾ, ರೆಗ್ಯುಲರ್ರಾ? ಜಿಎಸ್‌ಟಿ ಕಟ್ತಿರೋರು ಹೇಳಿ

ಗುತ್ತಲು ರೋಡ್ ದಿನಸಿ: ಏಪ್ರಿಲ್‌ನಿಂದ ಮಾರ್ಚ್‌ವರೆಗೆ ವ್ಯಾಪಾರ 40.9 ಲಕ್ಷಕ್ಕೆ ಬಂದು ನಿಲ್ಲೋ ಹಾಗಿದೆ. ಅದರಲ್ಲಿ 22 ಲಕ್ಷ ಬಿಡಿ ಅಕ್ಕಿ, ರಾಗಿ, ಬೇಳೆ, ಬೆಲ್ಲ. ಮಿಕ್ಕ 18.9 ಲಕ್ಷ ಬಿಸ್ಕತ್ತು, ಸೋಪು, ಎಣ್ಣೆ ಥರದ ಪ್ಯಾಕೆಟ್ ಮಾಲು. ಹೆಚ್ಚುಕಮ್ಮಿ ಎಲ್ಲಾ 5%ದು, ಅಸಲಿನ ಮೇಲೆ 12% ಲಾಭ. ಬಾಡಿಗೆ ತಿಂಗಳಿಗೆ 10,000, ಕಟ್ಟಡದ ಓನರ್‌ಗೆ ಜಿಎಸ್‌ಟಿ ನಂಬರ್ ಇಲ್ಲ. ಜಿಎಸ್‌ಟಿ ನೋಂದಣಿಗೆ ಇರೋ 40 ಲಕ್ಷದ ಮಿತಿ ಲೆಕ್ಕಕ್ಕೆ ಬಿಡಿ ಮಾಲೂ ಬರುತ್ತಾ? ಯಾವ ಸ್ಕೀಮ್ ತಗೊಳ್ಳಲಿ, ಮಾರಾಟದ ಮೇಲೆ 1% ಕಟ್ಟೋ ಕಾಂಪೊಸಿಷನ್ನಾ, ಖರೀದಿಗೆ ಕೊಟ್ಟ ತೆರಿಗೆ ಮುರ್ಕೊಂಡು ಮಿಕ್ಕಿದ್ದು ಕಟ್ಟೋ ರೆಗ್ಯುಲರ್ರಾ?

ಊದುಬತ್ತಿ ಮೈಸೂರು: ರೆಗ್ಯುಲರ್ ತಗೊಳ್ಳಿ, ಬೇರೆ ಮಾತೇ ಇಲ್ಲ. ಊದುಬತ್ತಿ ಊಟಿಗೋ ಕೋಯಿಕ್ಕೋಡಿಗೋ ಹೋಗ್ಬೇಕು ಅಂದ್ರೆ ಕಾಂಪೊಸಿಷನ್‌ನಲ್ಲಿ ಒಂದು ಡಬ್ಬ ಕೂಡ ರಾಜ್ಯ ದಾಟಿಸೋ ಹಾಗಿಲ್ಲ. ರೆಗ್ಯುಲರ್ ಅಂದ ತಕ್ಷಣ ತಿಂಗಳಿಗೆರಡು ರಿಟರ್ನ್ ಅಂತ ಹೆದರಿಸ್ತಾರೆ. 5 ಕೋಟಿ ಒಳಗಿದ್ರೆ ಮೂರು ತಿಂಗಳಿಗೊಂದು ಸಾಕು: ಮಾರಾಟದ ಬಿಲ್ ತೋರಿಸೋ ಜಿಎಸ್‌ಟಿಆರ್-1 13ನೇ ತಾರೀಖು, ತೆರಿಗೆ ಕಟ್ಟೋ ಜಿಎಸ್‌ಟಿಆರ್-3ಬಿ ನಮ್ಮ ಕರ್ನಾಟಕಕ್ಕೆ 22ನೇ ತಾರೀಖು. ಮಧ್ಯದ ಎರಡು ತಿಂಗಳು 25ರೊಳಗೆ ಚಲನ್ ಕಟ್ಟಬೇಕು, ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ್ದರ 35%.

ಜೀವ ತಿನ್ನೋದು ಕ್ರೆಡಿಟ್ಟು, ಅಂದ್ರೆ ಖರೀದಿಗೆ ಕೊಟ್ಟ ತೆರಿಗೆನ ಕಟ್ಟೋದರಲ್ಲಿ ಮುರ್ಕೊಳ್ಳೋದು. ಸಪ್ಲೈಯರ್ ತನ್ನ ಜಿಎಸ್‌ಟಿಆರ್-1ರಲ್ಲಿ ನಿಮ್ಮ ಬಿಲ್ ಹಾಕದಿದ್ರೆ 14ಕ್ಕೆ ಬರೋ ನಿಮ್ಮ ಕ್ರೆಡಿಟ್ ಪಟ್ಟಿ ಜಿಎಸ್‌ಟಿಆರ್-2ಬಿಯಲ್ಲಿ ಅದು ಕಾಣಲ್ಲ. ಕಾಣದ ಬಿಲ್ಲಿಗೆ ಕ್ರೆಡಿಟ್ ಇಲ್ಲ, ಕೈಯಲ್ಲಿ ಬಿಲ್ ಹಿಡ್ಕೊಂಡು ಕೂತ್ರೂ ಇಲ್ಲ. ತಗೊಂಡ ಕ್ರೆಡಿಟ್ಟೂ ಸಪ್ಲೈಯರ್‌ಗೆ 180 ದಿನದೊಳಗೆ ದುಡ್ಡು ಕೊಡದಿದ್ರೆ ಬಡ್ಡಿ ಸಮೇತ ವಾಪಸ್. ಕೇಂದ್ರದ ಪಾಲು ಸಿಜಿಎಸ್‌ಟಿ ಕ್ರೆಡಿಟ್ಟಲ್ಲಿ ರಾಜ್ಯದ ಪಾಲು ಎಸ್‌ಜಿಎಸ್‌ಟಿ ಕಟ್ಟಕ್ಕಾಗಲ್ಲ, ಅದರಲ್ಲಿ ಇದೂ ಆಗಲ್ಲ. ಒಂದರಲ್ಲಿ ಸಾವಿರಗಟ್ಟಲೆ ಬಿದ್ದಿರುತ್ತೆ, ಇನ್ನೊಂದಕ್ಕೆ ಜೇಬಿಂದ ಹಾಕ್ತಿರ್ತೀರಿ. ಆದ್ರೂ ರೆಗ್ಯುಲರ್ರೇ ಮರ್ಯಾದೆ.

ಸ್ವಿಚ್‌ಬೋರ್ಡ್: ಮರ್ಯಾದೆ ಇಟ್ಕೊಂಡು ಏನ್ ಮಾಡೋದು ಸ್ವಾಮಿ, ಲೆಕ್ಕ ನೋಡಿ. ವೈರು, ಸ್ವಿಚ್ಚು ಎಲ್ಲಾ 18%. ಅಸಲು 100, ತೆರಿಗೆ 18, ತಂದಿದ್ದು 118. 20% ಲಾಭ ಇಟ್ಟು ತೆರಿಗೆ ಸೇರಿ 141.60ಕ್ಕೆ ಮಾರಿದ್ರೆ ರೆಗ್ಯುಲರ್‌ನವನಿಗೆ ಉಳಿಯೋದು 20. ಕಾಂಪೊಸಿಷನ್‌ನಲ್ಲಿ 141.60ಕ್ಕೆ 1%, ಅಂದ್ರೆ 1.42 ಕಟ್ಟಿ 22.18 ಉಳಿಯುತ್ತೆ. ಕ್ರೆಡಿಟ್ ಇಲ್ಲ, 2ಬಿ ಇಲ್ಲ, ಸಪ್ಲೈಯರ್ ಬಾಗಿಲು ಕಾಯೋದಿಲ್ಲ. ಮೂರು ತಿಂಗಳಿಗೊಂದು ತೆರಿಗೆ ಕಟ್ಟೋ ಫಾರ್ಮ್ ಸಿಎಂಪಿ-08, 18ನೇ ತಾರೀಖಿನೊಳಗೆ. ಎರಡು ನಿಮಿಷದ ಕೆಲಸ.

ಊದುಬತ್ತಿ ಮೈಸೂರು: ಹೋಟೆಲ್‌ನವರು, ಛತ್ರದವರು ನಿಮ್ಮ ಬಿಲ್ ಮುಟ್ಟಲ್ಲ. ಅವರಿಗೆ ಕ್ರೆಡಿಟ್ ಬೇಕು.

ಸ್ವಿಚ್‌ಬೋರ್ಡ್: ಯಾವ ಹೋಟೆಲ್‌ಗೆ? 5% ಹಾಕೋ ಹೋಟೆಲ್‌ಗೆ ಕ್ರೆಡಿಟ್ಟೇ ಇಲ್ಲ, ನಿಮ್ಮ ಟ್ಯಾಕ್ಸ್ ಇನ್‌ವಾಯ್ಸ್ ಇಟ್ಕೊಂಡು ಏನು ಮಾಡ್ತಾರೆ? ಕ್ರೆಡಿಟ್ ಕೇಳೋರು ಕಂಟ್ರಾಕ್ಟರ್‌ಗಳು. ಅದೂ ಗೊತ್ತಿಲ್ದೆ ಬಂದು ಉಪದೇಶ.

ಆಲೆಮನೆ ಮಂಡ್ಯ: ಅಣ್ಣ, ನಿಮ್ ಜಗಳ ಒಸಿ ನಿಲ್ಸಿ. ಅಂಗಡಿಯೋರ್ಗೆ ಬೆಲ್ಲದ್ ಇಚಾರ ಯೇಳೋರೇ ಇಲ್ಲ. ಪಿಂಡಿಯಿಂದ ಒಡ್ದು ತೂಗಿ ಕೊಟ್ರೆ ತೆರಿಗೆ ಇಲ್ಲ. ಅದೇ ಬೆಲ್ಲನ ಕೇಜಿ ಪ್ಯಾಕೆಟ್ ಮಾಡಿ, ಯೆಸ್ರು, ತೂಕ, ರೇಟು ಅಚ್ಚಾಕುದ್ರೆ 5%. ಇದು 2022ರ ಜುಲೈ 18ರಿಂದ ಬಂದದ್ದು. ಬಿಡಿ ಬೆಲ್ಲನ ಮೊದ್ಲೇ ಕೇಜಿ ಕೇಜಿ ಕಟ್ಟಿ, ಚೀಟಿ ಅಂಟ್ಸಿ ಜೋಡ್ಸಿದ್ರೋ, ನೀವೇ ತೆರ್ಗೆ ಒಳಕ್ಕೆ ಕಾಲಿಟ್ಟಂಗೆ. ಗಿರಾಕಿ ಮುಂದೆನೇ ತೂಗಿ.

ಸ್ವಿಚ್‌ಬೋರ್ಡ್: ಅಕ್ಕಿ 26 ಕೇಜಿ ಚೀಲ ಯಾಕೆ ಬಂತು ಅಂತಾನೂ ಹೇಳಿ. ತಿನ್ನೋರು ಹೆಚ್ಚಾದ್ರು ಅಂತ ಅಲ್ಲ. 25 ಕೇಜಿವರೆಗಿನ ಲೇಬಲ್ ಚೀಲಕ್ಕೆ 5%, ಅದರ ಮೇಲೆ ಇಲ್ಲ.

ಆಲೆಮನೆ ಮಂಡ್ಯ: ಒಂದ್ ಕೇಜಿ ಜಾಸ್ತಿ ತುಂಬೋದು ಕಳ್ಳತನ ಅಲ್ಲ ಕಣಣ್ಣ. ಕಾನೂನೇ ಅಂಗೈತೆ.

ಸ್ವಿಚ್‌ಬೋರ್ಡ್: ಕಳ್ಳತನ ಅಂತ ಯಾರಂದ್ರು?

ಲೆಕ್ಕದ ಪುಸ್ತಕ: ಕೇಳಿದವರ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಬಿಡಿ ಮಾಲೂ 40 ಲಕ್ಷದ ಲೆಕ್ಕಕ್ಕೆ ಬರುತ್ತೆ. ತೆರಿಗೆ ಇಲ್ಲದ ಮಾಲು ಮಾತ್ರವೇ ಮಾರೋ ಅಂಗಡಿಗೆ ಎಷ್ಟು ಕೋಟಿ ಆದ್ರೂ ನೋಂದಣಿ ಬೇಡ, ಆದ್ರೆ ಜೊತೆಗೆ ತೆರಿಗೆಯ ಪ್ಯಾಕೆಟ್ ಮಾಲು ಇದ್ರೆ ಎರಡೂ ಕೂಡಬೇಕು. ಒಂದೇ ಪ್ಯಾನ್‌ನಲ್ಲಿ ಇನ್ನೊಂದು ಅಂಗಡಿ ಇದ್ರೆ ಅದೂ ಸೇರುತ್ತೆ. ಸೇವೆಯೂ ಬೆರೆತಿದ್ರೆ ಮಿತಿ 40 ಅಲ್ಲ, 20. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ನೋಟಿಸ್ ಬಂದಾಗ ತರಕಾರಿ, ಹಾಲಿನವರು ಗಾಬರಿಯಾಗಿ ಕ್ಯೂಆರ್ ಕಿತ್ತುಹಾಕಿದ್ದು ಇದೇ ಗೊಂದಲಕ್ಕೆ. ಕ್ಯೂಆರ್ ಕಿತ್ತರೆ ವಹಿವಾಟು ಕಡಿಮೆ ಆಗಲ್ಲ, ನಗದೂ ವಹಿವಾಟೇ.

ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಿ. ರೆಗ್ಯುಲರ್ ಆದ್ರೆ ಅಂಗಡಿಯಲ್ಲಿರೋ ದಾಸ್ತಾನಿಗೂ ಐಟಿಸಿ-01 ಫಾರ್ಮ್‌ನಲ್ಲಿ ಕ್ರೆಡಿಟ್ ಸಿಗುತ್ತೆ. ಬಿಲ್ ಒಂದು ವರ್ಷಕ್ಕಿಂತ ಹಳೇದಾಗಿರಬಾರದು. ತಡ ಮಾಡಿದ್ರೆ ಅದೂ ಹೋಯ್ತು.

ಈಗ ಸ್ಕೀಮು. ಸ್ವಿಚ್‌ಬೋರ್ಡ್ ಅವರ ಲೆಕ್ಕ 18% ಮಾಲಿಗೆ ಸರಿ. ಅಲ್ಲಿ ಅಸಲಿನ ಮೇಲೆ 7% ಲಾಭ ದಾಟಿದ್ರೆ ಕಾಂಪೊಸಿಷನ್ನೇ ಮೇಲು. ಆದ್ರೆ 2025ರ ಸೆಪ್ಟೆಂಬರ್ 22ರಿಂದ ಸೋಪು, ಪೇಸ್ಟು, ಬಿಸ್ಕತ್ತು, ತುಪ್ಪ ಎಲ್ಲಾ 5%ಗೆ ಇಳಿದಿವೆ. 5% ಮಾಲಿಗೆ ಅದೇ ಲೆಕ್ಕ ಹಾಕಿದ್ರೆ 26.6% ಲಾಭ ಬೇಕು. ದಿನಸಿಯಲ್ಲಿ ಅಷ್ಟು ಯಾರಿಗಿದೆ? ಹಳೇ ದರದಲ್ಲಿ ಕಣ್ಮುಚ್ಚಿ ಕಾಂಪೊಸಿಷನ್ ಅಂದೋರು ಈಗ ಮತ್ತೆ ಕೂಡಿ ಕಳೀಬೇಕು.

ನಿಮ್ಮ 18.90 ಲಕ್ಷದೊಳಗಿನ ತೆರಿಗೆ ಎಷ್ಟು? 5/105 ಹಾಕಿ: 90,000. ನೇರವಾಗಿ 5% ಹಾಕಿದ್ರೆ 94,500 ಬರುತ್ತೆ, ಅದು ತಪ್ಪು. ಮಾರಾಟದ ಮೌಲ್ಯ 18 ಲಕ್ಷ, 12% ಲಾಭ ಅಂದ್ರೆ ಅಸಲು 16,07,143, ಅದರ ಕ್ರೆಡಿಟ್ 80,357. ಕಟ್ಟೋದು 9,643. ಕಾಂಪೊಸಿಷನ್‌ನಲ್ಲಿ ವ್ಯಾಪಾರಿಗೆ ತೆರಿಗೆಯ ಮಾಲಿಗೆ ಮಾತ್ರ 1%, ಅಂದ್ರೆ 18,900. ಪೂರ್ತಿ 40.9 ಲಕ್ಷಕ್ಕೆ ಹಾಕಿ 40,900 ಕಟ್ಟಬೇಡಿ, ಎಷ್ಟೋ ಜನ ಕಟ್ತಿದ್ದಾರೆ. ತಯಾರಕರಿಗೆ ಮಾತ್ರ ಒಟ್ಟು ವಹಿವಾಟಿನ ಮೇಲೆ.

ಊದುಬತ್ತಿ ಮೈಸೂರು: ನೋಡಿದ್ರಾ? ರೆಗ್ಯುಲರ್ರೇ ಗೆದ್ದಿತು.

ಲೆಕ್ಕದ ಪುಸ್ತಕ: ಮುಗಿಸೋಕೆ ಬಿಡಿ ಸರ್. ಬಾಡಿಗೆ ಇದೆ. ನೋಂದಣಿ ಇಲ್ಲದ ಓನರ್‌ಗೆ ಅಂಗಡಿ ಬಾಡಿಗೆ ಕೊಟ್ರೆ 2024ರ ಅಕ್ಟೋಬರ್ 10ರಿಂದ ರೆಗ್ಯುಲರ್‌ನವರೇ ಓನರ್ ಬದಲು 18% ತೆರಿಗೆ (ರಿವರ್ಸ್ ಚಾರ್ಜ್) ಕಟ್ಟಬೇಕು, ಅದೂ ನಗದಲ್ಲಿ. 10,000ಕ್ಕೆ 1,800. ಅದು ಕ್ರೆಡಿಟ್ ಆಗಿ ವಾಪಸ್ ಬರುತ್ತೆ ಅಂತಾರೆ, ಆದ್ರೆ ಇವರ ಮಾಲಲ್ಲಿ ಆ 90,000 ತೆರಿಗೆ ಕಳೆದ 40 ಲಕ್ಷಕ್ಕೆ 22 ಲಕ್ಷ ತೆರಿಗೆ ಇಲ್ಲದ್ದು. ಹಾಗಾಗಿ ಬಾಡಿಗೆ ಕ್ರೆಡಿಟ್‌ನಲ್ಲಿ 55% ಬಿಡಬೇಕು. ತಿಂಗಳಿಗೆ 990, ವರ್ಷಕ್ಕೆ 11,880. 9,643 ಕೂಡಿಸಿ: 21,523. ಕಾಂಪೊಸಿಷನ್‌ನವರಿಗೆ ಈ ಬಾಡಿಗೆ ತೆರಿಗೆ ಇಲ್ಲ, 18,900ಕ್ಕೆ ನಿಂತ್ಕೊಳ್ಳುತ್ತೆ. ಬಾಡಿಗೆ ಒಂದು ಇಲ್ದಿದ್ರೆ ತಕ್ಕಡಿ ಆ ಕಡೆ ವಾಲ್ತಿತ್ತು.

ಸ್ವಿಚ್‌ಬೋರ್ಡ್: ಅಷ್ಟುದ್ದ ಬರೆದು ಕೊನೆಗೆ ನಾನ್ ಹೇಳಿದ್ದೇ ಹೇಳಿದ್ರಿ.

ಲೆಕ್ಕದ ಪುಸ್ತಕ: ನೀವು ಹೇಳದೆ ಬಿಟ್ಟಿದ್ದೂ ಇದೆ. ‘ಎರಡು ನಿಮಿಷದ’ ಸಿಎಂಪಿ-08 ಆದ್ಮೇಲೆ ಜೂನ್ 30ರೊಳಗೆ ವಾರ್ಷಿಕ ಜಿಎಸ್‌ಟಿಆರ್-4 ಇದೆ. ಅದರಲ್ಲಿ ಕಟ್ಟಿದ್ದು 5ನೇ ಕೋಷ್ಟಕದಲ್ಲಿ ತಾನೇ ಬಂದಿರುತ್ತೆ, ಎಲ್ಲಾ ಮುಗೀತು ಅಂತ 6ನೇ ಕೋಷ್ಟಕ ಖಾಲಿ ಬಿಟ್ಟು ಸಲ್ಲಿಸ್ತಾರೆ. ಮಾರಾಟ ಸೊನ್ನೆ, ಕಟ್ಟಿದ್ದು ಹೆಚ್ಚು ಅಂತ ನೆಗೆಟಿವ್ ಲೆಡ್ಜರ್‌ಗೆ ಬೀಳುತ್ತೆ, ಆಮೇಲೆ ಪರದಾಟ. 6ರಲ್ಲಿ ದರವಾರು ಮಾರಾಟ ತುಂಬಲೇಬೇಕು. ಚಲನ್‌ನಲ್ಲಿ ಸಿಜಿಎಸ್‌ಟಿ ಅರ್ಧ, ಎಸ್‌ಜಿಎಸ್‌ಟಿ ಅರ್ಧ ಹಾಕಿ. ಪೂರ್ತಿ ಒಂದರಲ್ಲೇ ಹಾಕಿದ್ರೆ ಪಿಎಂಟಿ-09 ಫಾರ್ಮ್‌ನಲ್ಲಿ ವರ್ಗಾಯಿಸಬೇಕಾಗುತ್ತೆ.

ಗುತ್ತಲು ರೋಡ್ ದಿನಸಿ: ತುಂಬಾ ಥ್ಯಾಂಕ್ಸ್ ಸರ್. ಹಾಗಾದ್ರೆ ಆ 1% ಬಿಲ್ಲಲ್ಲಿ ಸೇರಿಸಿ ಗಿರಾಕಿ ಹತ್ರ ತಗೋಬೋದಾ?

ಸ್ವಿಚ್‌ಬೋರ್ಡ್: ಎಲ್ರೂ ತಗೋತಾರೆ.

ಲೆಕ್ಕದ ಪುಸ್ತಕ: ಯಾರೂ ತಗೋಬಾರದು. ಕೊಡಬೇಕಾದ್ದು ಬಿಲ್ ಆಫ್ ಸಪ್ಲೈ, ಅಂದ್ರೆ ತೆರಿಗೆ ತೋರಿಸದ ಬಿಲ್. ಅದರ ಮೇಲ್ತುದಿಯಲ್ಲಿ ಕಾಂಪೊಸಿಷನ್ ತೆರಿಗೆದಾರ, ತೆರಿಗೆ ವಸೂಲಿಗೆ ಅರ್ಹನಲ್ಲ ಅಂತ ನೀವೇ ಬರೆದಿರ್ತೀರಿ. ಅದರ ಕೆಳಗೇ 1% ಸೇರಿಸ್ತೀರಾ?

ಆಲೆಮನೆ ಮಂಡ್ಯ: ಅದ್ಕೇ ನಾ ಯೇಳಿದ್ದು, ಪಿಂಡಿ ಒಡ್ದು ತೂಗಿ ಮಾರಿ ಅಂತ.

ಊದುಬತ್ತಿ ಮೈಸೂರು: ಸೋಪ್ ಹೆಂಗಣ್ಣ ಒಡೆದು ತೂಗೋದು?