ಪದಚರ್ಚೆ: ಠಾಣೆಯ ಬೋರ್ಡಿಗೆ ‘ಸಂತ್ರಸ್ತ’ವೋ ‘ನೊಂದವರು’ವೋ?

ಶಿವಮೊಗ್ಗದಿಂದ, ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿತ್ತು, ಸ್ವಲ್ಪ ಅವಸರವಿದೆ.

ತಾಲ್ಲೂಕಿನಲ್ಲಿ ನಡೆಯುವ ಕಾನೂನು ಅರಿವು ಶಿಬಿರಕ್ಕೆ ಒಂದು ಬೋರ್ಡು, ಒಂದು ಕರಪತ್ರ ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಬೋರ್ಡು ಆಮೇಲೆ ಠಾಣೆಯ ಗೋಡೆಗೆ ಹೋಗುತ್ತದೆ. ಸೋಮವಾರ ಬೆಳಗ್ಗೆ ಪ್ರೆಸ್ಸಿಗೆ ಕೊಡಬೇಕು. ಅಪರಾಧಕ್ಕೆ ಸಿಕ್ಕಿ ಕಷ್ಟಪಟ್ಟವರಿಗೆ ಕಾನೂನಿನಲ್ಲಿ ಏನೇನು ಹಕ್ಕಿದೆ, ಪೊಲೀಸರು ಅವರಿಗೆ ಏನೇನು ಮಾಡಿಕೊಡಬೇಕು ಅನ್ನೋದು ವಿಷಯ. ಇಂಗ್ಲಿಷ್ ಮೂಲದಲ್ಲಿ ಉದ್ದಕ್ಕೂ ‘ವಿಕ್ಟಿಮ್’ ಎಂದಿದೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ:

“ಸಂತ್ರಸ್ತರಿಗೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ನೀಡಲಾಗುವುದು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಸಂತ್ರಸ್ತರಿಗೆ ತಿಳಿಸಲಾಗುವುದು.”

‘ಸಂತ್ರಸ್ತ’ ಯಾಕೋ ಸರಿಯಾಗಿ ಕೂರುತ್ತಿಲ್ಲ. ‘ಬಲಿಪಶು’ ಬೇಡವೇ ಬೇಡ. ‘ನೊಂದವರು’ ಅಂದರೆ ಬೋರ್ಡಿಗೆ ತೂಕ ಸಾಲುತ್ತದಾ? ಬಾಧಿತ, ಪೀಡಿತ, ಇನ್ನೇನಾದರೂ ಇದೆಯಾ?

ಧಾರವಾಡದಿಂದ, ನಿವೃತ್ತ ಕನ್ನಡ ಅಧ್ಯಾಪಕ:

ತಂಗಿ, ಕೂರುತ್ತಿಲ್ಲ ಅಂತ ನಿಮಗೆ ಅನ್ನಿಸಿದ್ದು ಸರಿಯೇ. ಧಾತು ‘ತ್ರಸ್’. ಹೆದರು, ನಡುಗು ಎಂದು ಅರ್ಥ. ‘ತ್ರಾಸ’ ಹುಟ್ಟಿದ್ದೂ ಅಲ್ಲಿಂದಲೇ. ನಮ್ಮ ಕಡೆ ‘ಭಾಳ ತ್ರಾಸ ಆತು’ ಅನ್ನುವಾಗ ಅರ್ಥ ತೊಂದರೆಯ ಕಡೆಗೆ ಜಾರಿದೆ. ಆದರೆ ‘ಸಂತ್ರಸ್ತ’ದಲ್ಲಿ ಹೆದರಿಕೆ ಹಾಗೇ ಉಳಿದಿದೆ: ಬಹಳ ಹೆದರಿ ನಡುಗುತ್ತಿರುವವನು. ಮನೆಗೆ ಕನ್ನ ಬಿದ್ದವನು ಹೆದರಿರಲೇಬೇಕೆಂದಿಲ್ಲ, ಸಿಟ್ಟಿನಲ್ಲಿ ಕುದಿಯುತ್ತಿರಬಹುದು. ‘ಬಲಿಪಶು’ ಲ್ಯಾಟಿನ್ನಿನ ‘ವಿಕ್ಟಿಮಾ’ದ ಪಡಿಯಚ್ಚು. ಅಲ್ಲಿಯೂ ಅದು ದೇವರ ಮುಂದೆ ಕಡಿಯುವ ಪ್ರಾಣಿಯೇ. ಬದುಕಿರುವ ಮನುಷ್ಯರಿಗೆ ಅದನ್ನು ಅಂಟಿಸಬಾರದು.

‘ಪೀಡಿತ’ ಹಾಕಿ, ಮುಗಿಸಿ. ಶಾಸ್ತ್ರಶುದ್ಧವಾಗಿದೆ.

ಹಾಸನದಿಂದ, ಕನ್ನಡ ಪದಗಳ ಪರವಾಗಿ:

ಒಂದು ಸಂಸ್ಕೃತ ಪದ ಬಿಟ್ಟು ಇನ್ನೊಂದನ್ನು ಹಿಡಿದಿರಿ. ಓದುವವರು ಠಾಣೆಗೆ ಬರುವ ಜನ, ಪಂಡಿತರಲ್ಲ. ಅಚ್ಚಗನ್ನಡದಲ್ಲೇ ಪದ ಕಟ್ಟಬಹುದು: ‘ಕೇಡುಂಡವರು’. ನೋವುಂಡವರು, ಪೆಟ್ಟು ತಿಂದವರು ಅನ್ನೋದಿಲ್ವಾ, ಅದೇ ಬಗೆ. ಕಳವು, ಹಲ್ಲೆ, ಮೋಸ ಎಲ್ಲವೂ ಕೇಡೇ.

ಧಾರವಾಡದಿಂದ:

‘ಕೇಡುಂಡವರು’ ಯಾರ ಬಾಯಲ್ಲೂ ಇಲ್ಲ. ಬಿಡಿ ಅದನ್ನ.

ಬೆಂಗಳೂರಿನಿಂದ, ಪತ್ರಿಕೆಯೊಂದರ ಉಪಸಂಪಾದಕಿ:

ಧಾತು ಏನೇ ಹೇಳಲಿ, ಬಳಕೆಯಲ್ಲಿ ಇನ್ನೂ ದೊಡ್ಡ ತೊಡಕಿದೆ. ಪತ್ರಿಕೆಗಳಲ್ಲಿ ‘ಸಂತ್ರಸ್ತರು’ ಅಂದರೆ ಹೆಚ್ಚಾಗಿ ನೆರೆ ಸಂತ್ರಸ್ತರು. ‘ಸಂತ್ರಸ್ತೆ’ ಅಂದರೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳು, ಬೇರೆ ಯಾರೂ ಅಲ್ಲ. ಅವರ ಹೆಸರು, ಗುರುತು ಹೊರಗೆ ಹಾಕುವ ಹಾಗಿಲ್ಲ. ಹಿಂದೆ ದಂಡ ಸಂಹಿತೆಯ ಕಲಂ 228ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 72. ಹಾಗಾಗಿ ಹೆಸರಿನ ಜಾಗದಲ್ಲಿ ‘ಸಂತ್ರಸ್ತೆ’ ಎಂದು ಬರೆದೂ ಬರೆದೂ ಆ ಪದ ಅಲ್ಲೇ ಅಂಟಿಕೊಂಡಿದೆ. ಆನ್‌ಲೈನ್ ಮೋಸದಲ್ಲಿ ದುಡ್ಡು ಕಳೆದುಕೊಂಡ ಮೇಷ್ಟ್ರು, ಜಮೀನು ಜಗಳದಲ್ಲಿ ಏಟು ತಿಂದ ರೈತ ಗೋಡೆಯ ಮೇಲೆ ‘ಸಂತ್ರಸ್ತ’ ಅಂತ ಓದಿದರೆ ಅದು ತಾವೇ ಅಂತ ಅವರಿಗೆ ಹೊಳೆಯುವುದೇ ಇಲ್ಲ.

ತುಮಕೂರಿನಿಂದ, ವಕೀಲೆ:

ಮೇಡಂ, ಕಾನೂನು ಯಾರನ್ನು ಈ ಹೆಸರಿನಿಂದ ಕರೆಯುತ್ತದೆ ಅನ್ನೋದನ್ನ ಮೊದಲು ನೋಡೋಣ. ಆಮೇಲೆ ಧಾತು.

2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿಯವರೆಗೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇವರಿಗೆ ವ್ಯಾಖ್ಯೆಯೇ ಇರಲಿಲ್ಲ. ಮೊಕದ್ದಮೆ ಸರ್ಕಾರಕ್ಕೂ ಆರೋಪಿಗೂ ನಡುವಿನದು. ಏಟು ತಿಂದವರು ದೋಷಾರೋಪಣಾ ಪಟ್ಟಿಯಲ್ಲಿ ‘ಚಾ.ಸಾ. 1’, ಅಂದರೆ ಒಬ್ಬ ಸಾಕ್ಷಿ ಅಷ್ಟೇ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಅದರಲ್ಲಿ ಆರೋಪಿಯ ಕೃತ್ಯದಿಂದ ನಷ್ಟ ಅಥವಾ ಹಾನಿ ಅನುಭವಿಸಿದ ಯಾರೇ ಆಗಲಿ ಈ ಪದದೊಳಗೆ ಬರುತ್ತಾರೆ. ಅವರ ಪೋಷಕರು, ವಾರಸುದಾರರೂ ಬರುತ್ತಾರೆ. ಕೊಲೆಯಾದವನ ತಾಯಿ ಕೂಡ ಇದೇ ಪದದೊಳಗೆ ಇದ್ದಾಳೆ. ಉತ್ತರ ಪ್ರದೇಶದ ಲಖೀಂಪುರ್ ಖೇರಿಯಲ್ಲಿ ರೈತರ ಮೇಲೆ ವಾಹನ ಹರಿದ ಪ್ರಕರಣದಲ್ಲಿ, ಆರೋಪಿಗೆ ಜಾಮೀನು ಸಿಕ್ಕಾಗ ಸತ್ತ ರೈತರ ಮನೆಯವರೇ ಸುಪ್ರೀಂ ಕೋರ್ಟಿಗೆ ಹೋಗಿದ್ದು. 2022ರಲ್ಲಿ ಆ ಜಾಮೀನು ರದ್ದು ಮಾಡಿದ ಕೋರ್ಟು, ತನಿಖೆಯಿಂದ ಹಿಡಿದು ಮೇಲ್ಮನವಿಯವರೆಗೆ ಪ್ರತಿ ಹಂತದಲ್ಲೂ ಇವರ ಮಾತು ಕೇಳಬೇಕು ಎಂದಿತು. ಆ ತಾಯಿಗೆ ‘ಪೀಡಿತೆ’ ಅಂತೀರಾ? ‘ಕೇಡುಂಡವಳು’ ಅಂತೀರಾ? ‘ನೊಂದವರು’ ಅಂದರೆ ತಾನೇ ತಾನಾಗಿ ಹೊಂದುತ್ತದೆ. ಠಾಣೆಯ ಕಾಗದಗಳಲ್ಲಿ ‘ನೊಂದ ಬಾಲಕಿ’, ‘ನೊಂದ ಮಹಿಳೆ’ ಅಂತ ಆಗಲೇ ಬರೆಯುತ್ತಾರೆ. ಹೊಸದಾಗಿ ಏನೂ ಹುಟ್ಟಿಸಬೇಕಿಲ್ಲ.

ಇನ್ನೊಂದು ವಿಷಯ. ಕರಪತ್ರದಲ್ಲಿ ನೊಂದವರು ಮತ್ತು ಪಿರ್ಯಾದಿದಾರರನ್ನು ಒಂದು ಮಾಡಬೇಡಿ. ನನ್ನ ಕಕ್ಷಿದಾರರೊಬ್ಬರ ಸಂಗತಿ ಹೇಳುತ್ತೇನೆ. ಗಂಡನಿಗೆ ತಲೆಗೆ ಏಟು ಬಿದ್ದು ಆಸ್ಪತ್ರೆಯಲ್ಲಿ ಮಲಗಿದ್ದ. ದೂರು ಕೊಟ್ಟಿದ್ದು ಪಕ್ಕದ ಮನೆಯವರು. ಮಾರನೇ ದಿನ ಹೆಂಡತಿ ಠಾಣೆಗೆ ಹೋಗಿ ಎಫ್‌ಐಆರ್ ಪ್ರತಿ ಕೇಳಿದರೆ, “ನೀವು ಪಿರ್ಯಾದಿದಾರರಲ್ಲಮ್ಮ” ಅಂದು ವಾಪಸ್ ಕಳಿಸಿದರು. ಕೈಯಲ್ಲಿ ಡಿಸ್ಚಾರ್ಜ್ ಚೀಟಿ, ಔಷಧಿ ಬಿಲ್ಲು ಹಿಡಿದುಕೊಂಡು ಬಾಗಿಲ ಹತ್ತಿರ ಮಧ್ಯಾಹ್ನದವರೆಗೂ ನಿಂತಿದ್ದರು. ಹಳೆಯ ಕಾನೂನಿನ 154(2)ರಲ್ಲಿ ಮಾಹಿತಿ ಕೊಟ್ಟವರಿಗೆ ಮಾತ್ರ ಪ್ರತಿ ಎಂದಿತ್ತು. ಹೊಸ 173(2)ರಲ್ಲಿ ನೊಂದವರನ್ನೂ ಸೇರಿಸಿದ್ದಾರೆ. ಆ ಹೆಂಗಸಿನ ಹಕ್ಕು ಈ ಒಂದು ಪದದ ಮೇಲೆ ನಿಂತಿದೆ. ಬೋರ್ಡಿನಲ್ಲಿ ಅದು ಎದ್ದು ಕಾಣಬೇಕು.

ಇಷ್ಟು ಹೊತ್ತೂ ಎಲ್ಲರೂ ನಾಮಪದ ಹಿಡಿದುಕೊಂಡು ಜಗ್ಗುತ್ತಿದ್ದೀರಿ. ನಿಮ್ಮ ವಾಕ್ಯದ ಕ್ರಿಯಾಪದ ನೋಡಿ ಮೇಡಂ: ‘ನೀಡಲಾಗುವುದು’, ‘ತಿಳಿಸಲಾಗುವುದು’. ಯಾರು ನೀಡುವವರು? ಕರ್ತೃವೇ ಇಲ್ಲ. ‘ನಾಳೆ ನೀರು ಬಿಡಲಾಗುವುದು’ ಅನ್ನುವ ಹಾಗೆ, ಬಂದರೆ ಬಂತು. ಕಾನೂನಿನಲ್ಲಿರುವುದು ಇಂಗ್ಲಿಷಿನ ‘ಶಲ್’. 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಚರ್ಚೆ ಮಾಡಿದ್ದೇ ಇದನ್ನ: ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಹಿಡಿಯಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕಾ, ಹಾಕಬಹುದಾ? ಆ ‘ಶಲ್’ ಅಂದರೆ ಹಾಕಲೇಬೇಕು ಅಂತ ತೀರ್ಮಾನವಾಯಿತು. ಅದನ್ನು ನಾವು ಕನ್ನಡಕ್ಕೆ ತರುವಾಗ ‘ಲಾಗುವುದು’ ಅಂದರೆ ಗೆದ್ದಿದ್ದನ್ನು ನಮ್ಮ ಕೈಯಾರೆ ಬಿಟ್ಟುಕೊಟ್ಟಂತೆ. “ಪೊಲೀಸರು ಕೊಡಬೇಕು” ಅಂತ ಬರೆಯಿರಿ. ಸರ್ಕಾರಿ ಕನ್ನಡದ ‘ತಕ್ಕದ್ದು’ ಕೂಡ ಅರ್ಥದಲ್ಲಿ ಸರಿ, ಆದರೆ ಗೋಡೆಯ ಮೇಲೆ ‘ಬೇಕು’ ಜಾಸ್ತಿ ಗಟ್ಟಿ.

ಧಾರವಾಡದಿಂದ:

ಕ್ರಿಯಾಪದದ ಮಾತು ಒಪ್ಪಿದೆ, ತಾಯಿ. ಆದರೆ ‘ಪಿರ್ಯಾದಿದಾರ’ ಅನ್ನುವ ರೂಪವನ್ನು ಒಪ್ಪಲಾರೆ. ಪಾರಸಿಯಲ್ಲಿ ‘ಫರ್ಯಾದ್’ ಅಂದರೆ ಮೊರೆ, ಕೂಗು. ಮೊರೆಯಿಟ್ಟವನು ‘ಫಿರ್ಯಾದಿ’. ಅದರ ಬಾಲಕ್ಕೆ ಮತ್ತೆ ‘ದಾರ’ ಯಾಕೆ? ನೂರಾರು ಎಫ್‌ಐಆರ್‌ಗಳು “ಪಿರ್ಯಾದಿದಾರರು ಠಾಣೆಗೆ ಹಾಜರಾಗಿ ನೀಡಿದ ದೂರಿನ ಸಾರಾಂಶವೇನೆಂದರೆ” ಎಂದೇ ಶುರುವಾಗುತ್ತವೆ. ಒಂದೇ ವಾಕ್ಯದಲ್ಲಿ ಪಾರಸಿ ದ್ವಿರುಕ್ತಿ, ಹಿಂದೆಯೇ ನಮ್ಮ ‘ದೂರು’. ‘ದೂರುದಾರ’ ಅಂತಾದರೂ ಬರೆಯಿರಿ.

ಹಾಸನದಿಂದ:

‘ದೂರಿತ್ತವರು’ ಅನ್ನಿ. ‘ದಾರ’ ಕೂಡ ಪಾರಸಿಯೇ. ಒಂದು ಬೋರ್ಡಿನಲ್ಲಿ ನೊಂದವರು, ದೂರಿತ್ತವರು, ಹಕ್ಕು, ಹೊಣೆ ಎಲ್ಲ ಕನ್ನಡದ್ದೇ ಇದ್ದರೆ ಓದುವವರಿಗೆ ಹತ್ತಿರವಾಗುತ್ತದೆ.

ಧಾರವಾಡದಿಂದ:

‘ಹಕ್ಕು’ ಅರಬ್ಬಿ. ‘ಹಕ್’. ‘ಕಾನೂನು’ ಅರಬ್ಬಿ, ಅದರ ಹಿಂದೆ ಗ್ರೀಕ್. ಜಾಮೀನು, ವಕೀಲ, ವಾರಸುದಾರ ಎಲ್ಲ ಹೊರಗಿನವೇ. ಠಾಣೆ ಸಂಸ್ಕೃತದ ‘ಸ್ಥಾನ’. ನಿಮ್ಮ ತತ್ವ ಹಿಡಿದರೆ ಬೋರ್ಡಿನಲ್ಲಿ ‘ನೊಂದವರು’ ಒಂದೇ ಉಳಿಯುತ್ತದೆ.

ಹಾಸನದಿಂದ:

ಹುಟ್ಟು ಎಲ್ಲೇ ಇರಲಿ, ‘ಹಕ್ಕು’ ಎಂಬುದು ಕನ್ನಡಿಗರ ಬಾಯಲ್ಲಿ ಪಳಗಿದೆ. ‘ಸಂತ್ರಸ್ತ’ ಪಳಗಿಲ್ಲ. ನನ್ನ ಅಳತೆಗೋಲು ಬಾಯಿ. ನಿಘಂಟಲ್ಲ.

ಧಾರವಾಡದಿಂದ:

ಹಾಗಾದರೆ ‘ಕೇಡುಂಡವರು’ ಯಾರ ಬಾಯಲ್ಲಿ ಪಳಗಿತ್ತು?

ಹಾಸನದಿಂದ:

ಪಳಗಿಸಬೇಕು. ಅರಬ್ಬಿ ಪದವೂ ಒಂದು ದಿನ ಹೊಸದಾಗಿಯೇ ಇತ್ತು. ಹೊರಗಿಂದ ಬಂದದ್ದಕ್ಕೆ ಕೊಟ್ಟಷ್ಟು ಸಮಯವನ್ನು ನಮ್ಮ ಬೇರಿನ ಪದಕ್ಕೆ ಕೊಡುವುದಿಲ್ಲ ಅಂದರೆ ಅದು ನ್ಯಾಯವಲ್ಲ. ನೂರು ವರ್ಷದಿಂದ ಇದೇ ನಡೆದಿದೆ.

ತುಮಕೂರಿನಿಂದ:

ಇಬ್ಬರಿಗೂ ಕೈ ಮುಗಿಯುತ್ತೇನೆ. ಈ ಜಗಳ ಮಂಗಳವಾರದಿಂದ ಮುಂದುವರಿಸಿ. ಅವರಿಗೆ ಸೋಮವಾರ ಪ್ರೆಸ್ಸಿದೆ.

ಶಿವಮೊಗ್ಗದಿಂದ:

ಎಲ್ಲರಿಗೂ ಧನ್ಯವಾದ. ‘ನೊಂದವರು’ ಇಟ್ಟುಕೊಳ್ಳುತ್ತಿದ್ದೇನೆ. ತಲೆಬರಹದಲ್ಲಿ ‘ಅಪರಾಧದಿಂದ ನೊಂದವರು’ ಅಂತ ಪೂರ್ತಿ ಹಾಕಿದರೆ ಬೇರೆ ಅರ್ಥಕ್ಕೆ ಎಡೆಯಿಲ್ಲ. ಕರಡು ಹೀಗಿದೆ, ನೋಡಿ ಹೇಳಿ:

“ಅಪರಾಧದಿಂದ ನೊಂದವರ ಹಕ್ಕುಗಳು. ಕಳ್ಳತನ, ಹಲ್ಲೆ, ಅತ್ಯಾಚಾರದಂಥ ಅಪರಾಧ ನಡೆದರೆ ನೀವು ಯಾವ ಠಾಣೆಗೆ ಹೋದರೂ ಪೊಲೀಸರು ದೂರು ಬರೆದುಕೊಳ್ಳಬೇಕು. ‘ಇದು ನಮ್ಮ ಸರಹದ್ದಲ್ಲ’ ಎನ್ನುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೂ ನೊಂದವರಿಗೂ ಪೊಲೀಸರು ಕೂಡಲೇ ಕೊಡಬೇಕು. ಅದಕ್ಕೆ ದುಡ್ಡು ಕೊಡಬೇಕಿಲ್ಲ. ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರು 90 ದಿನದೊಳಗೆ ನಿಮಗೆ ತಿಳಿಸಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಬರೆದು ಅಂಚೆಯಲ್ಲಿ ಜಿಲ್ಲಾ ಎಸ್‌ಪಿಯವರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು. ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ.”

ತುಮಕೂರಿನಿಂದ:

ಬಹಳ ಚೆನ್ನಾಗಿದೆ. ನಾಲ್ಕು ತಿದ್ದುಪಡಿ.

‘ಕಳ್ಳತನ, ಹಲ್ಲೆ’ ತೆಗೆಯಿರಿ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳ್ಳತನ ಈಗ ಸಂಜ್ಞೇಯವಲ್ಲ. ಸಣ್ಣಪುಟ್ಟ ಹೊಡೆತವೂ ಅಲ್ಲ. ‘ಕೊಲೆ, ದರೋಡೆ, ಅಪಹರಣ, ಅತ್ಯಾಚಾರದಂಥ’ ಅಂತ ಹಾಕಿ. ‘ಸಂಜ್ಞೇಯ’ ಪದ ಬೋರ್ಡಿಗೆ ಬೇಡ, ಯಾರಿಗೂ ತಿಳಿಯುವುದಿಲ್ಲ. ಕರಪತ್ರದಲ್ಲಿ ‘ವಾರಂಟ್ ಇಲ್ಲದೆ ಪೊಲೀಸರು ಹಿಡಿಯಬಹುದಾದ ಅಪರಾಧ’ ಅಂತ ಬಿಡಿಸಿ ಬರೆದರೆ ಸಾಕು.

ಅತ್ಯಾಚಾರ, ಆ್ಯಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಬೇಕು, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 397. ಇದನ್ನು ಬಿಟ್ಟಿದ್ದೀರಿ. ದಯವಿಟ್ಟು ಸೇರಿಸಿ. ‘ಮೊದಲು ಎಫ್‌ಐಆರ್ ತನ್ನಿ’ ಅಂತ ಆಸ್ಪತ್ರೆಯಿಂದ ಹಿಂದೆ ಕಳಿಸಿದ್ದನ್ನು ಕಂಡಿದ್ದೇನೆ. ಈ ಅಪರಾಧಗಳ ಮಾಹಿತಿ ಬರೆದುಕೊಳ್ಳದ ಅಧಿಕಾರಿಗೆ ನ್ಯಾಯ ಸಂಹಿತೆಯ ಕಲಂ 199ರಲ್ಲಿ ಕನಿಷ್ಠ 6 ತಿಂಗಳು, 2 ವರ್ಷದವರೆಗೆ ಜೈಲು ಇದೆ. ಅದೂ ಬೋರ್ಡಿನಲ್ಲಿ ಇರಲಿ.

ದೂರು ತೆಗೆದುಕೊಳ್ಳದಿದ್ದರೆ ‘ಹಿಂಬರಹ ಕೇಳಿ ಪಡೆಯಿರಿ’ ಅಂತ ಒಂದು ಸಾಲು ಸೇರಿಸಿ. ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಠಾಣೆಯವರ ಕೈಬರಹದಲ್ಲೇ ಇದ್ದರೆ ಮುಂದೆ ಎಸ್‌ಪಿ ಹತ್ತಿರ ಹೋದಾಗ, ಕೋರ್ಟಿಗೆ ಹೋದಾಗ ನಮಗೆ ಕೆಲಸಕ್ಕೆ ಬರುತ್ತದೆ. ‘ಹಿಂಬರಹ’ ಹಳ್ಳಿಯವರಿಗೂ ಗೊತ್ತು, ತಾಲ್ಲೂಕು ಕಚೇರಿಯಲ್ಲಿ ದಿನಾ ಕೇಳುವ ಪದ.

ಕೊನೆಯದು, ಕಲಂ ಸಂಖ್ಯೆಗಳನ್ನು ಸಾಲುಗಳ ಮಧ್ಯೆ ತುರುಕಬೇಡಿ. ಪ್ರತಿ ಸಾಲಿನ ಕೊನೆಗೆ ಸಣ್ಣದಾಗಿ ಹಾಕಿ. ಓದುವವರಿಗೆ ಅಡ್ಡ ಬರಬಾರದು, ಆದರೆ ಕೌಂಟರಿನಲ್ಲಿ ಯಾರಾದರೂ ‘ಎಲ್ಲಿದೆ ಹಾಗೆ?’ ಅಂದರೆ ಬೆರಳು ಇಟ್ಟು ತೋರಿಸುವಂತಿರಬೇಕು.

ಹಾಸನದಿಂದ:

‘ಹಿಂಬರಹ’ಕ್ಕೆ ನನ್ನ ಪೂರ್ತಿ ಒಪ್ಪಿಗೆ. ‘ಉಚಿತವಾಗಿ’ ಬದಲು ‘ದುಡ್ಡಿಲ್ಲದೆ’ ಅಂತ ಆಗುತ್ತದಾ, ನೋಡಿ.

ಧಾರವಾಡದಿಂದ:

ಬೇಡ. ‘ದುಡ್ಡಿಲ್ಲದೆ ಚಿಕಿತ್ಸೆ’ ಅಂದರೆ ಬೇರೆಯೇ ಅರ್ಥ ಹೊಳೆಯುತ್ತದೆ. ‘ಉಚಿತ’ ಇರಲಿ ತಂಗಿ, ಪ್ರೆಸ್ಸಿಗೆ ಕಳಿಸಿ.