ಸ್ಟೆಂಟ್, ಇನ್ಸುಲಿನ್ ಜೊತೆ ಯುರೋಪ್ ಟೂರ್: ಏನೇನು ಜೋಪಾನ?

ಪ್ರಶ್ನೆ (ಮೈಸೂರಿನ ಸದಸ್ಯರು):
ಎಲ್ಲರಿಗೂ ನಮಸ್ಕಾರ. ನನಗೆ 68, ನಮ್ಮ ಮನೆಯವರಿಗೆ 64. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಗ್ರೂಪ್ ಟೂರ್ ಹೊರಟಿದ್ದೇವೆ. ದುಬೈಯಲ್ಲಿ ಎರಡು ರಾತ್ರಿ, ಆಮೇಲೆ ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್. ನಾಲ್ಕು ವರ್ಷದ ಹಿಂದೆ ನನಗೆ ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿದ್ದಾರೆ. ಶುಗರ್‌ಗೆ ರಾತ್ರಿ 10ಕ್ಕೆ ಗ್ಲಾರ್ಜಿನ್ ಇನ್ಸುಲಿನ್, ಬೆಳಿಗ್ಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್, ಕಾಲುರಿಗೆ ಪ್ರೀಗ್ಯಾಬಲಿನ್. ವಿಮೆ ಮಾಡಿಸಿಕೊಡುವವರು "ಕಾಯಿಲೆ ಏನೂ ಬರೆಸಬೇಡಿ, ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂತಿದ್ದಾರೆ. ನೆಂಟರಿಷ್ಟರೆಲ್ಲ ಜೇಬುಗಳ್ಳರ ಬಗ್ಗೆ ಹೆದರಿಸುತ್ತಿದ್ದಾರೆ. ನಿಜವಾಗಿ ಯಾವುದಕ್ಕೆ ತಯಾರಾಗಬೇಕು?

ಉತ್ತರ (ವಿಮಾ ಸಲಹೆಗಾರರು):
ಸರ್, ಜೇಬುಗಳ್ಳ ಹೊಡೆದರೆ ಹೆಚ್ಚೆಂದರೆ ನಾಲ್ಕೈದು ನೂರು ಯೂರೋ ಹೋದೀತು. ಫಾರಂನಲ್ಲಿ ಸ್ಟೆಂಟ್ ಮುಚ್ಚಿಟ್ಟರೆ ಹೋಗುವುದು ಲಕ್ಷಗಟ್ಟಲೆ. ಎದೆನೋವು ಅಂತ ಆಸ್ಪತ್ರೆ ಸೇರಿದ ಕೂಡಲೇ ವಿಮಾ ಕಂಪನಿ ಮೊದಲು ಕೇಳುವುದು ಹಳೆಯ ಕೇಸ್ ಶೀಟ್. ಆಂಜಿಯೋಗ್ರಾಂನಲ್ಲಿ ಸ್ಟೆಂಟ್ ಕಣ್ಣಿಗೆ ಕಾಣುತ್ತದೆ, ಅಡಗಿಸುವಂಥದ್ದಲ್ಲ. ಅಲ್ಲಿಗೆ ಕ್ಲೇಮ್ ಮುಗಿಯಿತು. ಸ್ಟೆಂಟ್, ಶುಗರ್, ಬಿಪಿ ಇದ್ದರೆ ಬಿಪಿ, ಎಲ್ಲವನ್ನೂ ಬರೆಸಿ. "ಬೇಡ" ಅನ್ನುವ ಏಜೆಂಟರನ್ನು ಬದಲಾಯಿಸಿ.

ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಮೂರಕ್ಕೂ ಒಂದೇ ಆಗಿ ಸಿಗುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅದು ವೀಸಾ ಸಿಗುವುದಕ್ಕೆ ಸಾಕು, ಹೃದಯದ ಚಿಕಿತ್ಸೆಗೆ ಸಾಲದು. 1,00,000 ಡಾಲರ್‌ಗಿಂತ ಕಡಿಮೆ ತೆಗೆದುಕೊಳ್ಳಬೇಡಿ. ಪಾಲಿಸಿಯಲ್ಲಿ ಮೂರು ಕಡೆ ಬೆರಳಿಟ್ಟು ಓದಿ. ಒಂದು, ಮೊದಲೇ ಇದ್ದ ಕಾಯಿಲೆಗೆ ಕೊಡುತ್ತಾರೋ, ಕೊಟ್ಟರೆ ಪ್ರಾಣಾಪಾಯದ ಸ್ಥಿತಿಗೆ ಮಾತ್ರವೋ, ಎಷ್ಟು ಮೊತ್ತದವರೆಗೆ. ಎರಡು, 60 ದಾಟಿದವರಿಗೆ ಕೊಠಡಿ, ಐಸಿಯು, ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ಮಿತಿ ಇದೆಯೋ. ಎಷ್ಟೋ ಪಾಲಿಸಿಗಳಲ್ಲಿ ಮೊದಲ ಪುಟದಲ್ಲಿ ದೊಡ್ಡ ಮೊತ್ತ ಇರುತ್ತದೆ, ಈ ಮಿತಿಗಳು ಒಳಪುಟದಲ್ಲಿ ಕೂತಿರುತ್ತವೆ. ಮೂರು, ದುಬೈ ಮತ್ತು ಸ್ವಿಟ್ಜರ್ಲೆಂಡ್ ಎರಡೂ ಸೇರಿವೆಯೋ. ಬರೀ ಷೆಂಗೆನ್ ಪಾಲಿಸಿಯಲ್ಲಿ ದುಬೈ ಬಿಟ್ಟುಹೋಗುವುದು ಅಪರೂಪವೇನಲ್ಲ.

ಆಸ್ಪತ್ರೆಗೆ ಹೋಗಬೇಕಾದರೆ ಕಾರ್ಡಿನಲ್ಲಿರುವ ಸಹಾಯವಾಣಿಗೆ ಮನೆಯವರೋ ಟೂರ್ ಮ್ಯಾನೇಜರೋ ತಕ್ಷಣ ಫೋನ್ ಮಾಡಿ ಕೇಸ್ ನಂಬರ್ ಬರೆದುಕೊಳ್ಳಲಿ. ಅದಿಲ್ಲದೆ ಕ್ಯಾಶ್‌ಲೆಸ್ ಆಗುವುದು ಕಷ್ಟ. ಆ ನಂಬರ್ ನಿಮ್ಮ ಫೋನಿನಲ್ಲಷ್ಟೇ ಇದ್ದು, ನೀವು ಸ್ಟ್ರೆಚರ್ ಮೇಲಿದ್ದರೆ ಏನೂ ಪ್ರಯೋಜನವಿಲ್ಲ. ಇಬ್ಬರ ಫೋನಿನಲ್ಲೂ ಇರಲಿ, ಪರ್ಸಿನಲ್ಲಿ ಒಂದು ಚೀಟಿಯೂ ಇರಲಿ.

ಉತ್ತರ (ವೈದ್ಯರು, ಮಧುಮೇಹ ವಿಭಾಗ):
ಮೊದಲು ದುಬೈ ವಿಷಯ. ಪ್ರೀಗ್ಯಾಬಲಿನ್ ನಮ್ಮಲ್ಲಿ ಮೂಲೆಯ ಔಷಧಿ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಯುಎಇಯಲ್ಲಿ ಅದು ನಿಯಂತ್ರಿತ ಔಷಧಿ. ನೋವಿನ ಮಾತ್ರೆ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಆತಂಕಕ್ಕೆ ಕೊಡುವ ಆಲ್ಪ್ರಜೋಲಾಂ ಕೂಡ ಅದೇ ಸಾಲಿನವು. ಹೊರಡುವ ಮೊದಲೇ ಯುಎಇ ಸರ್ಕಾರದ ಜಾಲತಾಣದಲ್ಲಿ ವೈದ್ಯರ ಚೀಟಿ ಹಾಕಿ ಅನುಮತಿ ಪಡೆಯಿರಿ. ಇಲ್ಲವಾದರೆ ಟೂರಿನ ಮಟ್ಟಿಗೆ ಬೇರೆ ಮಾತ್ರೆ ಆಗುತ್ತದೆಯೇ ಅಂತ ನಿಮ್ಮ ವೈದ್ಯರನ್ನು ಕೇಳಿ. ಥಟ್ಟನೆ ನೀವೇ ನಿಲ್ಲಿಸಬೇಡಿ.

ಎಲ್ಲ ಮಾತ್ರೆಗಳೂ ಮೂಲ ಸ್ಟ್ರಿಪ್‌ನಲ್ಲೇ ಇರಲಿ. ವಾರದ ಡಬ್ಬಿಗೆ ಬಿಡಿಬಿಡಿಯಾಗಿ ಸುರಿದ ಮಾತ್ರೆ ಏನೆಂದು ಕಸ್ಟಮ್ಸ್‌ನವರಿಗೂ ತಿಳಿಯದು, ಅಲ್ಲಿನ ವೈದ್ಯರಿಗೂ ತಿಳಿಯದು. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರು ಬರೆಸಿ. ನಮ್ಮ ಬ್ರ್ಯಾಂಡ್‌ಗಳು ಪ್ಯಾರಿಸ್‌ನ ಫಾರ್ಮಸಿಯಲ್ಲಿ ಯಾರಿಗೂ ಗೊತ್ತಿಲ್ಲ. ಪ್ರವಾಸದ ದಿನಗಳ ಮೇಲೆ ಇನ್ನೊಂದು ವಾರಕ್ಕಾಗುವಷ್ಟು ಮಾತ್ರೆ ಇಟ್ಟುಕೊಳ್ಳಿ.

ಇನ್ಸುಲಿನ್ ಯಾವತ್ತೂ ಕೈಚೀಲದಲ್ಲೇ. ವಿಮಾನದ ಹೊಟ್ಟೆಯಲ್ಲಿ ಹಾಕಿದರೆ ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಬಳಸುತ್ತಿರುವ ಗ್ಲಾರ್ಜಿನ್ ಪೆನ್ 30 ಡಿಗ್ರಿಯೊಳಗೆ 28 ದಿನ ಇರುತ್ತದೆ, ಹಾಗಾಗಿ ಐಸ್ ಪ್ಯಾಕಿನ ಗೋಜು ಬೇಡ. ಆದರೆ ಬಿಸಿಲಿನಲ್ಲಿ ನಿಂತ ಟೂರ್ ಬಸ್ಸಿನಲ್ಲಿ ಬಿಟ್ಟು ಇಳಿಯಬೇಡಿ.

ಹೊತ್ತಿನ ಲೆಕ್ಕ ಸುಲಭ. ನಮ್ಮ ರಾತ್ರಿ 10 ಅಂದರೆ ದುಬೈಯಲ್ಲಿ 8:30, ಮೇ ತಿಂಗಳ ಪ್ಯಾರಿಸ್‌ನಲ್ಲಿ ಸಂಜೆ 6:30. ಸಣ್ಣ ಪ್ರವಾಸವಾದ್ದರಿಂದ ಭಾರತದ ಅದೇ ಹೊತ್ತಿಗೆ ತೆಗೆದುಕೊಂಡು ಬನ್ನಿ. ಫೋನಿನ ಅಲಾರಂ ಸ್ಥಳೀಯ ಸಮಯಕ್ಕೆ ತಾನಾಗಿ ಬದಲಾಗುತ್ತದೆ, ಅದನ್ನು ನಂಬದೆ ಊರೂರಿಗೆ ಹೊಸದಾಗಿ ಇಡಿ.

ನನಗೆ ಹೆಚ್ಚು ಚಿಂತೆ ಗ್ಲಿಮೆಪಿರೈಡ್‌ನದು. ಟೂರಿನಲ್ಲಿ ಮನೆಯಲ್ಲಿ ನಡೆಯುವುದರ ಎರಡು ಮೂರು ಪಟ್ಟು ನಡೆಯುತ್ತೀರಿ, ಊಟ ಮಧ್ಯಾಹ್ನ 3ಕ್ಕೆ ಜಾರುತ್ತದೆ, ಆಗ ಈ ಮಾತ್ರೆಯಿಂದ ಶುಗರ್ ತೀರಾ ಇಳಿದುಬಿಡಬಹುದು. ಬೆವರು, ಕೈನಡುಕ, ಕಾರಣವಿಲ್ಲದ ಸಿಡುಕು ಕಂಡರೆ ನಿಂತಲ್ಲೇ ಕೂತು 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ತುಂಬಿದ ಮೂರು ಟೀ ಚಮಚ, ನೀರಿಗೆ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, 70ರೊಳಗಿದ್ದರೆ ಇನ್ನೊಮ್ಮೆ ಕುಡಿಯಿರಿ. ಆಮೇಲೆ ಬಿಸ್ಕತ್ತೋ ಬ್ರೆಡ್ಡೋ ತಿನ್ನಿ. ಚಾಕೊಲೇಟ್ ಸಾಲದು, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ನಿಧಾನ ಸೇರುತ್ತದೆ. ಪುಡಿಯ ಒಂದು ಪೊಟ್ಟಣ ಮನೆಯವರ ಬ್ಯಾಗಿನಲ್ಲೂ ಇರಲಿ.

ಮರುಪ್ರಶ್ನೆ:
ಧನ್ಯವಾದ ಡಾಕ್ಟರೇ. ಸ್ವಿಟ್ಜರ್ಲೆಂಡಿನ ಹಿಮಬೆಟ್ಟ ಯುಂಗ್‌ಫ್ರಾವ್ ಮೇಲೆ ಹೋಗಬಹುದಾ? ಟೂರಿನವರು "ಎಲ್ಲರೂ ಹೋಗ್ತಾರೆ" ಅಂದರು.

ಉತ್ತರ (ವೈದ್ಯರು):
ಯುಂಗ್‌ಫ್ರಾವ್‌ಯೋಖ್ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಸಮುದ್ರ ಮಟ್ಟದಲ್ಲಿ ಸಿಗುವ ಆಮ್ಲಜನಕದ ಮೂರನೇ ಎರಡು ಪಾಲಷ್ಟೇ ಅಲ್ಲಿ ಸಿಗುವುದು, ಅದೂ ರೈಲು ಬೇಗ ಹತ್ತಿಸಿಬಿಡುವುದರಿಂದ ಮೈಗೆ ಹೊಂದಿಕೊಳ್ಳಲು ಪುರುಸೊತ್ತಿಲ್ಲ. ಎರಡು ಮಹಡಿ ಒಂದೇ ದಮ್ಮಿಗೆ ಹತ್ತಿದರೂ ಎದೆ ಹಿಡಿಯದಿದ್ದರೆ, ಹೊರಡುವ ತಿಂಗಳಲ್ಲಿ ಹೃದ್ರೋಗ ತಜ್ಞರು ಒಪ್ಪಿದರೆ, ಹೋಗಿ. ಮೇಲೆ ಮೆಟ್ಟಿಲಿಗೆ ಆತುರ ಬೇಡ. ತಲೆಸುತ್ತು, ಎದೆ ಬಿಗಿತ ಬಂದರೆ ಗುಂಪಿಗೆ ಕಾಯದೆ ಮುಂದಿನ ರೈಲಿಗೆ ಇಳಿಯಿರಿ. ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆ ನಿಮಗೆ ಬರೆದುಕೊಟ್ಟಿದ್ದರೆ ಅಂಗಿಯ ಜೇಬಿನಲ್ಲಿರಲಿ. ಅದನ್ನು ಕೂತುಕೊಂಡೇ ಇಟ್ಟುಕೊಳ್ಳಬೇಕು, ನಿಂತಿದ್ದರೆ ಬಿಪಿ ಇಳಿದು ಬೀಳುತ್ತೀರಿ. ಇನ್ಸುಲಿನ್ ಪೆನ್ ಮತ್ತು ಗ್ಲುಕೋಮೀಟರ್ ಜಾಕೆಟ್ ಒಳಗೆ, ಮೈಗೆ ತಾಗುವಂತೆ ಇರಲಿ. ಚಳಿಗೆ ಮೀಟರ್ ತಪ್ಪು ತೋರಿಸಬಹುದು.

ಉತ್ತರ (ಟೂರ್ ಮ್ಯಾನೇಜರ್):
ಕಳ್ಳತನದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಮ್ಮವರ ಬ್ಯಾಗು ಹೋಗುವ ಜಾಗಗಳಲ್ಲಿ ಹೋಟೆಲಿನ ತಿಂಡಿ ಹಾಲ್ ಮುಖ್ಯ. ಕುರ್ಚಿಯ ಮೇಲೆ ಬ್ಯಾಗ್ ಇಟ್ಟು ಬಫೆಗೆ ಎದ್ದಿರೋ, ಹೋಯಿತು. ಪ್ಯಾರಿಸ್‌ನ ಸಾಕ್ರೆ ಕರ್ ಚರ್ಚಿನ ಮೆಟ್ಟಿಲ ಬಳಿ ಕೈಗೆ ದಾರ ಕಟ್ಟಲು ಬರುತ್ತಾರೆ, ಐಫೆಲ್ ಹತ್ತಿರ ಸಹಿ ಕೇಳುತ್ತಾರೆ. ಕೈ ಜೇಬಿನಿಂದ ತೆಗೆಯದೆ ಮುಂದೆ ನಡೆಯಿರಿ. ರೋಮ್‌ನಲ್ಲಿ ಟರ್ಮಿನಿ ನಿಲ್ದಾಣ ಮತ್ತು ವ್ಯಾಟಿಕನ್ ಕಡೆಯ 64ನೇ ನಂಬರ್ ಬಸ್ಸಿನಲ್ಲಿ ಎಚ್ಚರ. ಮಾಂಗಲ್ಯ ಸರ ಸ್ಕಾರ್ಫ್ ಒಳಗಿರಲಿ.

ಪಾಸ್‌ಪೋರ್ಟ್ ಹೋಟೆಲಿನ ಲಾಕರಿನಲ್ಲಿಡಿ ಅಂತ ಬಹಳ ಜನ ಹೇಳುತ್ತಾರೆ. ಎರಡು ದಿನಕ್ಕೊಂದು ಹೋಟೆಲ್ ಬದಲಾಗುವ ಗ್ರೂಪ್ ಟೂರಿಗೆ ನಾನು ಒಪ್ಪುವುದಿಲ್ಲ, ಲಾಕರಿನಲ್ಲೇ ಮರೆತು ಬಸ್ ಹತ್ತುವವರೇ ಜಾಸ್ತಿ. ಬಟ್ಟೆಯ ಒಳಗೆ ಸೊಂಟದ ಚೀಲದಲ್ಲಿಡಿ. ಕಳೆದರೆ ಮೊದಲು ಪೊಲೀಸ್ ದೂರಿನ ಪ್ರತಿ, ಆಮೇಲೆ ಭಾರತದ ರಾಯಭಾರ ಕಚೇರಿ: ಪ್ಯಾರಿಸ್, ಬರ್ನ್, ರೋಮ್ ಮೂರರಲ್ಲೂ ಇದೆ. ತುರ್ತಾಗಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ವಾಪಸಾಗುವ ಒಂದೇ ಪ್ರಯಾಣಕ್ಕೆ ಮಾತ್ರ, ಅದರಲ್ಲಿ ಟೂರ್ ಮುಂದುವರಿಸಲಾಗದು. ಪಾಸ್‌ಪೋರ್ಟ್, ವೀಸಾ ಪುಟಗಳ ಪ್ರತಿ ಮತ್ತು ನಾಲ್ಕು ಫೋಟೊ ಬೇರೆ ಬ್ಯಾಗಿನಲ್ಲಿರಲಿ.

ತುರ್ತಿಗೆ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಮೂರರಲ್ಲೂ 112. ದುಬೈಯಲ್ಲಿ ಆಂಬುಲೆನ್ಸ್ 998, ಪೊಲೀಸ್ 999. ವೀಲ್‌ಚೇರ್ ಬೇಕಿದ್ದರೆ ಏರ್‌ಲೈನ್‌ಗೆ 48 ಗಂಟೆ ಮೊದಲೇ ಹೇಳಿ, ಸಂಕೋಚ ಬೇಡ.

ಮರುಪ್ರಶ್ನೆ (ಅವರ ಮನೆಯವರು):
ನಾನು ಚಟ್ನಿಪುಡಿ, ಪೇಡ, ಸ್ವಲ್ಪ ಗಸಗಸೆ ಇಟ್ಕೊಂಡಿದ್ದೀನಿ. ಪರವಾಗಿಲ್ವಾ?

ಉತ್ತರ (ಟೂರ್ ಮ್ಯಾನೇಜರ್):
ಅಮ್ಮಾ, ಗಸಗಸೆ ಈಗಲೇ ತೆಗೆದು ಮನೆಯಲ್ಲಿಡಿ. ಯುಎಇಯಲ್ಲಿ ಅದು ನಿಷೇಧ, ಒಂದು ಚಮಚ ಸಿಕ್ಕರೂ ಕೇಸ್ ಆಗಬಹುದು. ಮಸಾಲೆಪುಡಿಗೆ ಬೆರೆಸಿದ್ದರೆ ಆ ಡಬ್ಬಿಯನ್ನೂ ತರಬೇಡಿ. ಪೇಡ ದುಬೈಯಲ್ಲೇ ಖಾಲಿ ಮಾಡಿ, ಹಾಲಿನ ಪದಾರ್ಥ ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಗಸಗಸೆ ಬೀಳದ ಚಟ್ನಿಪುಡಿ ಧಾರಾಳವಾಗಿ ತನ್ನಿ.